ಈ ಮಗುವಿನದು ಯಾರ ಕರ್ಮ?

"ಏನ್ ಪಾಪ ಮಾಡಿದ್ವಿ ಅಂತ ಈ ಕೂಸಿಗೆ ಹಿಂಗಾಯ್ತು, ಡಾಕ್ಟ್ರಮ್ಮ?"

ಮಕ್ಕಳ ವೈದ್ಯೆಯಾಗಿ ನಾನು ಕೇಳಿಸಿಕೊಂಡ ಪ್ರಶ್ನೆಗಳಲ್ಲಿ ಇದರಷ್ಟು ಭಾರವಾದದ್ದು ಇನ್ನೊಂದಿಲ್ಲ. ನೆಗಡಿ, ಕೆಮ್ಮು, ಕಿವಿನೋವಿಗೆ ಯಾರೂ ಪಾಪದ ಲೆಕ್ಕ ತೆಗೆಯುವುದಿಲ್ಲ. ಸೆಳೆತ ಬಂದರೆ ತೆಗೆಯುತ್ತಾರೆ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಮೈ ಸೆಟೆದು, ತುಟಿ ನೀಲಿಗಟ್ಟಿದ ಮಗುವನ್ನು ಎದೆಗವಚಿಕೊಂಡವರಿಗೆ ಒಂದು ಗಳಿಗೆ ಅದು ತಮ್ಮ ಮಗು ಅಂತಲೇ ಅನ್ನಿಸುವುದಿಲ್ಲ. ಬೇರೆ ಯಾರೋ ಅದರೊಳಗೆ ಹೊಕ್ಕಂತೆ ಕಾಣುತ್ತದೆ. ಬಾಲಗ್ರಹ ಅನ್ನುತ್ತಾರೆ, ಗಾಳಿ ಸೋಕಿದೆ ಅನ್ನುತ್ತಾರೆ. ಕೈಗೆ ಕಬ್ಬಿಣ ಹಿಡಿಸುತ್ತಾರೆ, ಈರುಳ್ಳಿ ಮೂಸಿಸುತ್ತಾರೆ, ಅಂತ್ರ ಕಟ್ಟಿಸುತ್ತಾರೆ. ಎಳೆಯ ಹೊಟ್ಟೆಯ ಮೇಲೆ ಬರೆ ಹಾಕಿಸಿಕೊಂಡು ಬಂದ ಕೂಸುಗಳನ್ನೂ ನಾನು ನೋಡಿದ್ದೇನೆ. ಇಷ್ಟೆಲ್ಲ ಆದ ಮೇಲೆ ಕೊನೆಗೆ ಉಳಿಯುವುದು ಕರ್ಮ.

ನಾನು ದೇವರನ್ನು ನಂಬುವವಳು. ಬೆಳಗ್ಗೆ ದೀಪ ಹಚ್ಚದೆ ಆಸ್ಪತ್ರೆಗೆ ಹೊರಡುವುದಿಲ್ಲ. ಕರ್ಮವನ್ನೂ ನಂಬುತ್ತೇನೆ. ಆದ್ದರಿಂದ ಈ ಪ್ರಶ್ನೆಯನ್ನು ಮೂಢನಂಬಿಕೆ ಎಂದು ಬದಿಗೆ ಸರಿಸಲು ನನಗೆ ಆಗುವುದಿಲ್ಲ. ಕರ್ಮವನ್ನು ಯಾರು, ಯಾರ ಬಗ್ಗೆ, ಯಾವ ಹೊತ್ತಿನಲ್ಲಿ ಎತ್ತಬಹುದು? ಇದನ್ನು ಯೋಚಿಸುವಂತೆ ಮಾಡಿದ್ದು ಭೇದಿಗೂ ಸೆಳೆತಕ್ಕೂ ನಡುವಿನ ಒಂದು ವಿಚಿತ್ರ ನಂಟು, ಮತ್ತು ಆ ನಂಟಿನ ಮೇಲೆ ಬೆಳಕು ಚೆಲ್ಲಿದ ಒಂದು ಹಳೆಯ ಔಷಧ.

ಒಂದು ಚಳಿಗಾಲದಲ್ಲಿ ಹದಿನಾಲ್ಕು ತಿಂಗಳ ಹೆಣ್ಣುಮಗುವನ್ನು ಕರೆತಂದರು. ಎರಡು ದಿನದಿಂದ ನೀರುನೀರಾಗಿ ಹೊಟ್ಟೆ ಹೋಗುತ್ತಿತ್ತು, ನಡುವೆ ವಾಂತಿ. ಜ್ವರ ಇರಲಿಲ್ಲ. ಓಆರ್‌ಎಸ್ ಕುಡಿಯುತ್ತಿತ್ತು, ಉಚ್ಚೆ ಹೋಗುತ್ತಿತ್ತು, ನಾಲಿಗೆ ಒಣಗಿರಲಿಲ್ಲ. ಭೇದಿಯ ಮಟ್ಟಿಗೆ ಹೆದರುವಂಥದ್ದೇನೂ ಇರಲಿಲ್ಲ. ಆದರೆ ಆ ಬೆಳಗ್ಗೆಯಿಂದ ಮಗುವಿಗೆ ಮತ್ತೆಮತ್ತೆ ಸೆಳೆತ ಬಂದಿತ್ತು. ಪ್ರತಿ ಸಲವೂ ಒಂದೆರಡು ನಿಮಿಷ, ಆಮೇಲೆ ಮಗು ಕಣ್ಣು ಬಿಟ್ಟು ತಾಯಿಯನ್ನು ಹುಡುಕುತ್ತಿತ್ತು. ರಕ್ತದ ಸಕ್ಕರೆ, ಸೋಡಿಯಂ, ಕ್ಯಾಲ್ಸಿಯಂ ಎಲ್ಲವೂ ಸರಿಯಾಗಿದ್ದವು. ಕತ್ತು ಬಿಗಿದಿರಲಿಲ್ಲ, ನೆತ್ತಿ ಉಬ್ಬಿರಲಿಲ್ಲ. ಸೆಳೆತಕ್ಕೆ ನಾವು ಮೊದಲು ಕೈಗೆತ್ತಿಕೊಳ್ಳುವ ಡಯಾಜಿಪಾಮ್ ಕೊಟ್ಟೆವು. ಕೆಲವು ಗಂಟೆಗಳಲ್ಲಿ ಮತ್ತೆ ಬಂತು.

ಮಗುವಿನ ಅಜ್ಜಿ ಮಂಚದ ಪಕ್ಕದಲ್ಲೇ ನಿಂತು ನನಗೆ ಹೇಳಿದರು: "ಇವ್ಳ ತವ್ರಲ್ಲಿ ಯಾರಿಗೋ ಪಿಟ್ಸ್ ಇತ್ತಂತೆ ಕಣಮ್ಮ. ಮದ್ವೆ ಮಾತಾಡುವಾಗ ಮುಚ್ಚಿಟ್ರು. ಆ ಕರ್ಮ ಈಗ ನಮ್ ಮನೆಗೆ ಬಂತು." ಸೊಸೆ ಅಲ್ಲೇ ಇದ್ದಳು. ಏನೂ ಹೇಳಲಿಲ್ಲ. ಸೆರಗಿನಿಂದ ಮಗುವಿನ ಬಾಯಿ ಒರೆಸುತ್ತಿದ್ದಳು.

ಆ ಮಗುವಿಗೆ ಬಂದದ್ದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಗುರುತು ಇದೆ. ಅದನ್ನು ಮೊದಲು ಬೇರೆಯಾಗಿ ಗುರುತಿಸಿದವರು ಜಪಾನಿನವರು. ಮೊರೂಕಾ ಎಂಬ ವೈದ್ಯರು 1982ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದರು. ಆರು ತಿಂಗಳಿಂದ ಮೂರು ವರ್ಷದೊಳಗಿನ, ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ ಮಕ್ಕಳು. ಸಣ್ಣ ಪ್ರಮಾಣದ ವಾಂತಿಭೇದಿ. ಜ್ವರವಿಲ್ಲದೆ, ರಕ್ತದ ಲವಣಗಳು ಏರುಪೇರಾಗದೆ, ಒಂದರ ಹಿಂದೆ ಒಂದು ಬರುವ ಚಿಕ್ಕಚಿಕ್ಕ ಸೆಳೆತ. ಮಿದುಳಿನ ಸುತ್ತಲ ನೀರನ್ನು ಪರೀಕ್ಷೆ ಮಾಡಿದರೆ ಸೋಂಕಿನ ಸುಳಿವಿಲ್ಲ. ಭೇದಿ ವಾಸಿಯಾದರೆ ಸೆಳೆತವೂ ಹೋಗುತ್ತದೆ. ಮುಂದೆ ಬಹುಪಾಲು ಮಕ್ಕಳಿಗೆ ಮೂರ್ಛೆರೋಗ ಬರುವುದಿಲ್ಲ, ಬೆಳವಣಿಗೆಯೂ ಕುಂಠಿತವಾಗುವುದಿಲ್ಲ. ಆಮೇಲೆ ಕೊರಿಯಾ, ತೈವಾನ್, ಯುರೋಪಿನಿಂದಲೂ ಇಂಥವೇ ವರದಿಗಳು ಬಂದವು. ಮಲ ಪರೀಕ್ಷೆಯಲ್ಲಿ ಹೆಚ್ಚಾಗಿ ಸಿಕ್ಕಿದ್ದು ರೋಟಾವೈರಸ್, ಅದರ ಜೊತೆಗೆ ನೋರೋವೈರಸ್.

ಈ ಮಕ್ಕಳ ವಿಶೇಷವೆಂದರೆ ಡಯಾಜಿಪಾಮಿನಂಥ ಪ್ರಬಲ ಔಷಧಕ್ಕೂ ಸೆಳೆತ ಹಲವು ಸಲ ಜಗ್ಗುತ್ತಿರಲಿಲ್ಲ. ಜಗ್ಗಿದ್ದು ಕಾರ್ಬಮಾಜೆಪಿನ್‌ಗೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಗೈಗಿ ಕಂಪನಿಯ ರಸಾಯನಶಾಸ್ತ್ರಜ್ಞ ವಾಲ್ಟರ್ ಶಿಂಡ್ಲರ್ 1953ರಲ್ಲಿ ಸಿದ್ಧಪಡಿಸಿದ ವಸ್ತು ಅದು. ಮುಖದ ನರದ ವಿಪರೀತ ನೋವಿಗೂ ಮೂರ್ಛೆರೋಗಕ್ಕೂ ದಶಕಗಳಿಂದ ಬಳಕೆಯಲ್ಲಿದೆ; ನಮ್ಮ ಔಷಧದ ಅಂಗಡಿಗಳಲ್ಲಿ ಟೆಗ್ರೆಟಾಲ್ ಎಂದರೆ ಎಲ್ಲರಿಗೂ ಗೊತ್ತು. 2000ರ ನಂತರ ಜಪಾನಿನ ವೈದ್ಯರು ಇದನ್ನು ಭೇದಿಯ ಸೆಳೆತಕ್ಕೆ ಕೊಟ್ಟು ನೋಡಿದರು. ಮಗುವಿನ ತೂಕದ ಪ್ರತಿ ಕೆಜಿಗೆ ದಿನಕ್ಕೆ ಐದು ಮಿಲಿಗ್ರಾಂ ಸಾಕಾಯಿತು. ಮೂರ್ಛೆರೋಗಕ್ಕೆ ಕೊಡುವ ಪ್ರಮಾಣದ ಅರ್ಧವೋ ಕಾಲೋ ಅದು. ಒಂಬತ್ತು ಕೆಜಿಯ ಮಗುವಿಗೆ ಎರಡು ಮಿಲಿಲೀಟರಿಗಿಂತ ಚೂರು ಹೆಚ್ಚು ಸಿರಪ್. ದಿನಕ್ಕೆ ಒಂದೇ ಸಲ, ಭೇದಿ ನಿಲ್ಲುವವರೆಗೆ ಮಾತ್ರ. ವರದಿಯಾದ ಮಕ್ಕಳಲ್ಲಿ ಹೆಚ್ಚಿನವರಿಗೆ ಮೊದಲ ಪ್ರಮಾಣದಲ್ಲೇ ಸೆಳೆತ ನಿಂತಿತು.

ನರಕೋಶದ ಪೊರೆಯಲ್ಲಿ ಸೋಡಿಯಂ ಹಾದುಹೋಗುವ ಸೂಕ್ಷ್ಮ ದ್ವಾರಗಳಿವೆ. ಕೆರೆಯ ತೂಬನ್ನು ಅರ್ಧ ಇಳಿಸಿ ಕಾಲುವೆಯ ರಭಸ ತಗ್ಗಿಸುವಂತೆ ಕಾರ್ಬಮಾಜೆಪಿನ್ ಆ ದ್ವಾರಗಳನ್ನು ಬೇಗ ಮತ್ತೆ ತೆರೆಯಲು ಬಿಡುವುದಿಲ್ಲ. ಕೋಶ ಮೇಲಿಂದ ಮೇಲೆ ಸಿಡಿಯುವುದು ತಪ್ಪುತ್ತದೆ. ಲಿಡೋಕೇನ್, ಫೆನಿಟಾಯಿನ್ ಕೂಡ ಇದೇ ದ್ವಾರದ ಮೇಲೆ ಕೆಲಸ ಮಾಡುವಂಥವು. ಅವೂ ಈ ಮಕ್ಕಳಲ್ಲಿ ಫಲ ಕೊಟ್ಟವು. ಹಾಗಾಗಿ ಕರುಳಿನ ವೈರಸ್ ಯಾವುದೋ ಬಗೆಯಲ್ಲಿ ಈ ದ್ವಾರಗಳನ್ನು ಕದಡುತ್ತಿರಬಹುದು ಎಂದು ಸಂಶೋಧಕರು ಊಹಿಸಿದ್ದಾರೆ. ರೋಟಾವೈರಸ್ಸಿನ ಎನ್‌ಎಸ್‌ಪಿ4 ಎಂಬ ಪ್ರೋಟೀನ್ ತಾನೇ ಒಂದು ವಿಷ ಎಂಬುದು 1996ರಲ್ಲಿ ತಿಳಿಯಿತು. ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿಸಿ ಭೇದಿ ಮಾಡಿಸುವ ಈ ಪ್ರೋಟೀನಿನ ಮೇಲೂ ಸಂಶಯ ಇದೆ. ಹಲವು ವರ್ಷ ನೂರಾರು ಮಕ್ಕಳನ್ನು ಗಮನಿಸಿದವರು ಇವತ್ತಿಗೂ "ಇರಬಹುದು" ಎಂದೇ ಬರೆಯುತ್ತಾರೆ. ಆ ಸಂಯಮದಲ್ಲಿ ನನಗೆ ಧರ್ಮ ಕಾಣುತ್ತದೆ. ಒಂದು ಕಾರಣವನ್ನು ಖಚಿತವಾಗಿ ಹೇಳುವ ಮುನ್ನ ಇಷ್ಟು ತಡೆದುಕೊಳ್ಳಬೇಕು ಎಂದಾದರೆ, ಒಬ್ಬ ಹೆಣ್ಣುಮಗಳ ತವರಿನ ಕರ್ಮವನ್ನು ಕಾರಣ ಮಾಡುವ ಮುನ್ನ ಎಷ್ಟು ತಡೆದುಕೊಳ್ಳಬೇಕು?

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಭೇದಿಯಾದ ಮಗುವಿಗೆ ಸೆಳೆತ ಬಂದರೆ ಎಲ್ಲವೂ ಇದೇ ಎಂದು ತಿಳಿಯಬಾರದು. ಶಿಗೆಲ್ಲಾ ಸೋಂಕು, ಸಕ್ಕರೆ ಕುಸಿತ, ಸೋಡಿಯಂ ಏರುಪೇರು, ಮಿದುಳುಪೊರೆಯ ಉರಿಯೂತ ಇವೆಲ್ಲ ಹಾಗೆಯೇ ತೋರಬಹುದು, ಮತ್ತು ಇವು ಪ್ರಾಣಕ್ಕೆ ಕುತ್ತು ತರುವಂಥವು. ಕಾರ್ಬಮಾಜೆಪಿನ್ ಕೆಲವರಲ್ಲಿ ಚರ್ಮ ಸುಲಿದುಹೋಗುವ ಘೋರ ಅಲರ್ಜಿಯನ್ನೂ ತರುತ್ತದೆ. ಮಗುವನ್ನು ಆಸ್ಪತ್ರೆಗೆ ಒಯ್ಯುವುದೊಂದೇ ಮನೆಯವರು ಮಾಡಬೇಕಾದ ಕೆಲಸ.

ಇನ್ನು ಕರ್ಮದ ಮಾತು. ನಮ್ಮ ಶಾಸ್ತ್ರಗಳೇ ಹಾಗೆ ಹೇಳುತ್ತವಲ್ಲ ಎನ್ನುವವರಿಗೆ ನಾನು ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವನ್ನು ತೋರಿಸುತ್ತೇನೆ. ಪಾಂಚಾಲ ದೇಶದ ಕಾಂಪಿಲ್ಯದಲ್ಲಿ, ಬೇಸಿಗೆಯ ಕೊನೆಯ ದಿನಗಳಲ್ಲಿ, ಗಂಗೆಯ ದಡದ ಕಾಡಿನಲ್ಲಿ ಪುನರ್ವಸು ಆತ್ರೇಯರು ಶಿಷ್ಯರೊಡನೆ ನಡೆಯುತ್ತಿದ್ದಾರೆ. ಅಗ್ನಿವೇಶ ಕೇಳುತ್ತಾನೆ: ಜನರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ, ಹಾಗಿದ್ದೂ ಒಂದೇ ರೋಗ ಒಂದೇ ಕಾಲಕ್ಕೆ ಇಡೀ ಜನಪದವನ್ನು ಹೇಗೆ ನಾಶ ಮಾಡುತ್ತದೆ? ಪ್ರತಿಯೊಬ್ಬರ ಹಿಂದಿನ ಜನ್ಮದ ಪಾಪ ಒಟ್ಟಿಗೆ ಹಣ್ಣಾಯಿತು ಎಂದು ಹೇಳಿ ಗುರು ಸುಮ್ಮನಾಗಬಹುದಿತ್ತು. ಆತ್ರೇಯರು ಮೊದಲು ಹೇಳುವುದು ಎಲ್ಲರಿಗೂ ಸಮಾನವಾದ ನಾಲ್ಕನ್ನು: ಗಾಳಿ, ನೀರು, ನೆಲ, ಕಾಲ. ಇವು ಕೆಟ್ಟರೆ ಊರು ಕೆಡುತ್ತದೆ. ಇವು ಕೆಡುವುದೇಕೆ ಎಂದು ಕೇಳಿದಾಗ ಅಧರ್ಮ ಎನ್ನುತ್ತಾರೆ. ಪೂರ್ವಕರ್ಮವನ್ನೂ ಸೇರಿಸುತ್ತಾರೆ, ಎರಡಕ್ಕೂ ಬುದ್ಧಿಯ ತಪ್ಪೇ ಮೂಲ ಎನ್ನುತ್ತಾರೆ. ಆದರೆ ಉದಾಹರಣೆ ಕೊಡುವಾಗ ಅವರ ಬೆರಳು ಹೋಗುವುದು ಆಳುವವರ ಕಡೆಗೆ: ದೇಶ, ನಗರಗಳ ಮುಖ್ಯಸ್ಥರು ಧರ್ಮ ಬಿಟ್ಟು ನಡೆದರೆ ಅವರನ್ನು ಆಶ್ರಯಿಸಿದವರೂ ವ್ಯಾಪಾರಿಗಳೂ ಆ ಅಧರ್ಮವನ್ನು ಬೆಳೆಸುತ್ತಾರೆ, ಆಗ ಋತು ತಪ್ಪುತ್ತದೆ, ನೀರು ಕೆಡುತ್ತದೆ. ಕಾಯಿಲೆ ಬಿದ್ದ ಕೂಸಿನ ತಾಯಿಯ ಕಡೆಗೆ ಅವರು ಬೆರಳು ತೋರುವುದಿಲ್ಲ.

ಅದೇ ಅಧ್ಯಾಯದಲ್ಲಿ ಅಗ್ನಿವೇಶನ ಇನ್ನೊಂದು ಪ್ರಶ್ನೆ ಇದೆ: ಆಯುಸ್ಸು ಮೊದಲೇ ನಿಗದಿಯಾಗಿದೆಯೇ? ಹಿಂದಿನ ದೇಹದಲ್ಲಿ ಮಾಡಿದ್ದು ದೈವ, ಈ ದೇಹದಲ್ಲಿ ಮಾಡುವುದು ಪುರುಷಕಾರ, ಎರಡರ ಬಲಾಬಲದ ಮೇಲೆ ಆಯುಸ್ಸು ನಿಂತಿದೆ ಎನ್ನುತ್ತಾರೆ ಆತ್ರೇಯರು. ದುರ್ಬಲ ದೈವವನ್ನು ಪ್ರಬಲ ಪುರುಷಕಾರ ಗೆಲ್ಲುತ್ತದೆ. ಎಲ್ಲವೂ ನಿಗದಿಯಾಗಿದ್ದರೆ ಔಷಧ ಯಾಕೆ, ಶಾಂತಿ ಹೋಮ ಯಾಕೆ, ಕ್ರೂರಮೃಗ ಎದುರಾದರೆ ಓಡುವುದು ಯಾಕೆ ಎಂಬ ಅರ್ಥದಲ್ಲಿ ಅವರು ವಾದ ಮಾಡುತ್ತಾರೆ. ಕರ್ಮವನ್ನು ಒಪ್ಪಿದ ವೈದ್ಯನ ವಾದ ಇದು, ಅದಕ್ಕೇ ನನಗೆ ಮುಖ್ಯ.

ಬುದ್ಧನೂ ಕರ್ಮವನ್ನು ಒಪ್ಪಿದವನೇ. ರಾಜಗೃಹದ ವೇಣುವನದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬಂದು ಅವನನ್ನು ಕೇಳಿದ್ದು ಸಂಯುತ್ತ ನಿಕಾಯದಲ್ಲಿದೆ: ಮನುಷ್ಯ ಪಡುವ ಸುಖ ದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರೆ ಕೆಲವರು, ನೀವೇನು ಹೇಳುತ್ತೀರಿ? ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ. ಪಿತ್ತ, ಕಫ, ವಾತ, ಇವುಗಳ ಕೂಡುವಿಕೆ, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು. ಎಂಟನೆಯದು ಕರ್ಮದ ಫಲ. ಎಲ್ಲವನ್ನೂ ಹಿಂದಿನದಕ್ಕೆ ಹೊರಿಸುವವರು ತಾವು ಕಂಡು ತಿಳಿದದ್ದನ್ನೂ ಲೋಕ ಒಪ್ಪಿದ ಸತ್ಯವನ್ನೂ ಮೀರಿ ಮಾತಾಡುತ್ತಾರೆ, ಅದು ಅವರ ತಪ್ಪು ಎನ್ನುತ್ತಾನೆ. ಗ್ರೀಸಿನಲ್ಲಿ ಹಿಪೊಕ್ರಟಿಸನ ಹೆಸರಿನಲ್ಲಿ ಉಳಿದಿರುವ ಬರಹವೊಂದು ಅಪಸ್ಮಾರದ ಬಗ್ಗೆಯೇ ಇದೆ. ದೇವರು ತಂದ ಕಾಯಿಲೆ ಎಂದು ಹೆದರಿಸಿ ಶುದ್ಧಿಕ್ರಿಯೆ ಮಾಡಿಸುವವರನ್ನು ಅದು ಖಂಡಿಸುತ್ತದೆ, ಕಾಯಿಲೆ ಇರುವುದು ಮಿದುಳಿನಲ್ಲಿ ಎನ್ನುತ್ತದೆ. ದೇವರ ಮೇಲೆ ಇಂಥ ಕೆಲಸ ಹೊರಿಸುವುದೇ ದೇವರಿಗೆ ಮಾಡುವ ಅಪಚಾರ ಎಂಬ ಧಾಟಿ ಅದರದು. ನನ್ನ ಭಕ್ತಿಯೂ ಅದನ್ನೇ ಹೇಳುತ್ತದೆ.

ಹಾಗಾದರೆ ಕರ್ಮಕ್ಕೆ ಉಳಿಯುವ ಜಾಗ ಯಾವುದು? ಕರ್ಮ ಮನುಷ್ಯ ತನ್ನ ಬಗ್ಗೆ, ಮುಂದಿನದನ್ನು ನೋಡಿಕೊಂಡು ಆಡಬೇಕಾದ ಮಾತು. ನಾನು ಇವತ್ತು ಮಾಡುವುದಕ್ಕೆ ಫಲ ಇದೆ, ಆದ್ದರಿಂದ ಸರಿಯಾಗಿ ಮಾಡುತ್ತೇನೆ ಎನ್ನುವಾಗ ಕರ್ಮ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುತ್ತದೆ. ನೀನು ಏನೋ ಮಾಡಿದ್ದೆ, ಅದಕ್ಕೇ ನಿನಗೆ ಹೀಗಾಯಿತು ಎಂದು ಇನ್ನೊಬ್ಬರಿಗೆ ಹೇಳಿದ ಕೂಡಲೇ ಅದೇ ಮಾತು ಹಿಂಸೆಯಾಗುತ್ತದೆ. ಮಗು ಕಳೆದುಕೊಂಡ ತಾಯಿ "ನನ್ನ ಹಣೆಬರಹ" ಎಂದು ತಾನೇ ಹೇಳಿಕೊಂಡು ದುಃಖ ನುಂಗಿದರೆ ಅವಳ ಕೈಯಿಂದ ಆ ಆಸರೆಯನ್ನು ಕಿತ್ತುಕೊಳ್ಳಲು ನನಗೆ ಅಧಿಕಾರ ಇಲ್ಲ. ನಾನು ಅವಳ ಪಕ್ಕ ಕೂರುತ್ತೇನೆ. ಆದರೆ ಅವಳ ಹಣೆಬರಹವನ್ನು ಓದಿ ಹೇಳುವ ಅಧಿಕಾರ ಅತ್ತೆಗೂ ಇಲ್ಲ, ಪೂಜಾರಿಗೂ ಇಲ್ಲ, ನನಗೂ ಇಲ್ಲ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪ ಇದೆ. ವೈರಸ್ ಕಾರಣ ಎಂದು ಹೇಳಿದರೂ "ನನ್ನ ಮಗುವಿಗೇ ಯಾಕೆ" ಎಂಬ ಪ್ರಶ್ನೆ ಉಳಿಯುತ್ತದೆ. ನಿಜ. ರೋಟಾವೈರಸ್ ಐದು ವರ್ಷದೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳನ್ನೂ ಮುಟ್ಟುತ್ತದೆ, ಬಡವರ ಮನೆಯಲ್ಲೂ ಶ್ರೀಮಂತರ ಮನೆಯಲ್ಲೂ. ಸೆಳೆತ ಬರುವುದು ಕೆಲವರಿಗೆ. ಆ ಕೆಲವರು ಇವರೇ ಯಾಕೆ ಎಂದರೆ ವಿಜ್ಞಾನ ವಂಶವಾಹಿ, ವಯಸ್ಸು, ವೈರಸ್ಸಿನ ತಳಿ ಎಂದು ಸ್ವಲ್ಪ ದೂರ ಬರುತ್ತದೆ, ಆಮೇಲೆ ಆಕಸ್ಮಿಕ ಎನ್ನುತ್ತದೆ. ಆಕಸ್ಮಿಕವನ್ನು ಒಪ್ಪುವುದು ಕಷ್ಟ, ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಆ ಅಜ್ಜಿ ತವರಿನ ಕರ್ಮವನ್ನು ಎಳೆದು ತಂದದ್ದು ಕೇಡಿಗತನದಿಂದಲ್ಲ ಎಂದೇ ನಾನು ತಿಳಿದಿದ್ದೇನೆ. ಮೊಮ್ಮಗಳು ಕೈಯಲ್ಲೇ ಸೆಟೆದುಕೊಂಡಾಗ ಆ ಭಯಕ್ಕೆ ಒಂದು ಹೆಸರು ಬೇಕಾಗಿತ್ತು. ಕೈಗೆ ಸಿಕ್ಕಿದವಳು ಸೊಸೆ. ಆಕಸ್ಮಿಕ ಯಾರನ್ನೂ ಸಂತೈಸುವುದಿಲ್ಲ, ಆದರೆ ಯಾರ ಮೇಲೂ ಆರೋಪ ಹೊರಿಸುವುದಿಲ್ಲ. ಸಂತೈಸುವ ಕೆಲಸವನ್ನು ಅದು ನಮಗೆ ಬಿಟ್ಟಿದೆ. ದೇವರ ಕೆಲಸ ಅಲ್ಲಿಂದ ಶುರುವಾಗುತ್ತದೆ ಎಂಬುದು ನನ್ನ ನಂಬಿಕೆ.

ರೋಟಾವೈರಸ್ಸನ್ನು 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಾದ ಮಕ್ಕಳ ಕರುಳಿನ ಚೂರುಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು. ಲಸಿಕೆ ಬರುವ ಮುನ್ನ ಭಾರತದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳು ಐದು ತುಂಬುವ ಮೊದಲೇ ಇದರಿಂದ ಸಾಯುತ್ತಿದ್ದರು ಎಂಬ ಅಂದಾಜಿದೆ. ಅಷ್ಟು ಮನೆಗಳಲ್ಲಿ ಎಷ್ಟು ತಾಯಂದಿರು ತಮ್ಮನ್ನೇ ಹಳಿದುಕೊಂಡರೋ.

ನಮ್ಮ ದೇಶದ ಲಸಿಕೆ ಹುಟ್ಟಿದ ಬಗೆ ಈ ಚರ್ಚೆಗೆ ಬೇಕು. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ನವಜಾತ ಶಿಶುಗಳಲ್ಲಿ ಒಂದು ಸಂಗತಿಯನ್ನು ಗಮನಿಸಿದರು. ಕೆಲವು ಹಸುಗೂಸುಗಳ ಕರುಳಿನಲ್ಲಿ ರೋಟಾವೈರಸ್ ಇತ್ತು, ಆದರೆ ಅವಕ್ಕೆ ಭೇದಿ ಇರಲಿಲ್ಲ. ದೆಹಲಿಯ ತಳಿ 116ಇ, ಬೆಂಗಳೂರಿನದು ಐ321. ಎರಡನ್ನೂ ಲಸಿಕೆಯಾಗಿ ಪರೀಕ್ಷಿಸಿದರು. ರೋಗನಿರೋಧಕತೆಯನ್ನು ಹೆಚ್ಚು ಎಬ್ಬಿಸಿದ 116ಇ ಮುಂದೆ ರೋಟಾವ್ಯಾಕ್ ಆಯಿತು. ದೆಹಲಿ, ಪುಣೆ, ವೆಲ್ಲೂರಿನ 6,799 ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ತೀವ್ರ ರೋಟಾವೈರಸ್ ಭೇದಿ ಅರ್ಧಕ್ಕಿಂತ ಹೆಚ್ಚು ತಗ್ಗಿತು. 2016ರಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ರೋಟಾವೈರಸ್ ಹನಿ ಶುರುವಾಗಿ 2019ರ ಹೊತ್ತಿಗೆ ದೇಶವಿಡೀ ಹಬ್ಬಿತು. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ರೋಟಾವೈರಸ್ ಲಸಿಕೆ ಪೂರ್ತಿ ಪಡೆದ ಮಕ್ಕಳು ಮುಂದಿನ ಒಂದು ವರ್ಷದಲ್ಲಿ ಸೆಳೆತಕ್ಕಾಗಿ ಆಸ್ಪತ್ರೆಗೆ ಬರುವುದು ಸುಮಾರು ಐದನೇ ಒಂದು ಪಾಲು ಕಡಿಮೆಯಾಗಿದೆ ಎಂದು ತೋರಿಸಿತು. ಭೇದಿಯ ಲಸಿಕೆ ಮಿದುಳನ್ನೂ ಕಾದಿತ್ತು.

116ಇ ತಳಿ ಸಿಕ್ಕ ದೆಹಲಿಯ ಆ ಹಸುಗೂಸು ಲೋಕಕ್ಕೆ ಇಷ್ಟು ದೊಡ್ಡ ಉಪಕಾರ ಮಾಡಿತು, ತನಗೆ ಗೊತ್ತಿಲ್ಲದೆ, ಏನನ್ನೂ ಬಯಸದೆ. ಅದನ್ನು ಆ ಮಗುವಿನ ಪೂರ್ವಪುಣ್ಯ ಎಂದು ಯಾರೂ ಹೊಗಳಲಿಲ್ಲ. ಹಾಗಿರುವಾಗ ಇನ್ನೊಂದು ಮಗುವಿಗೆ ಅದೇ ಜಾತಿಯ ವೈರಸ್ ತಂದ ಸೆಳೆತಕ್ಕೆ ಪೂರ್ವಪಾಪವನ್ನು ಹುಡುಕುವುದು ಯಾವ ನ್ಯಾಯ? ಹಸುಗೂಸುಗಳು ಪಾಪಪುಣ್ಯದ ಲೆಕ್ಕದ ಹೊರಗಿವೆ. ಆ ಲೆಕ್ಕ ದೊಡ್ಡವರಾದ ನಮ್ಮದು: ಹನಿ ಹಾಕಿಸಿದೆವೋ ಇಲ್ಲವೋ, ಕುಡಿಯುವ ನೀರಿನ ಪೈಪು ಚರಂಡಿಯ ಒಳಗೆ ಹಾದುಹೋಗುವುದನ್ನು ನೋಡಿಯೂ ಸುಮ್ಮನಿದ್ದೆವೋ, ಭೇದಿಯಾದ ಮಗುವಿಗೆ ಓಆರ್‌ಎಸ್ ಮತ್ತು ಹದಿನಾಲ್ಕು ದಿನ ಸತು ಕೊಟ್ಟೆವೋ ಅಥವಾ ನೀರು ಕುಡಿಸಬೇಡಿ ಎಂದೆವೋ. ಆತ್ರೇಯರು ಹೇಳಿದ ಜನಪದದ ಅಧರ್ಮವನ್ನು ನಾನು ಹೀಗೆ ಅರ್ಥ ಮಾಡಿಕೊಳ್ಳುತ್ತೇನೆ.

ಆ ಹದಿನಾಲ್ಕು ತಿಂಗಳ ಮಗುವಿಗೆ ಕಾರ್ಬಮಾಜೆಪಿನ್ ಕೊಟ್ಟ ಮೇಲೆ ಸೆಳೆತ ಮತ್ತೆ ಬರಲಿಲ್ಲ. ಭೇದಿ ನಿಂತಿತು, ಸಿರಪ್ಪನ್ನೂ ನಿಲ್ಲಿಸಿದೆವು. ಮನೆಗೆ ಕಳಿಸುವ ದಿನ ಗಂಡ, ಅತ್ತೆ, ಮಾವ ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ: "ಇದು ಮೂರ್ಛೆರೋಗ ಅಲ್ಲ. ಹೊಟ್ಟೆಗೆ ಬಂದ ಒಂದು ವೈರಸ್ಸಿಂದ ಆದದ್ದು. ಇವಳ ತವರಿಂದ ಬಂದದ್ದೂ ಅಲ್ಲ, ನಿಮ್ಮ ಮನೆಯಿಂದ ಬಂದದ್ದೂ ಅಲ್ಲ. ದೊಡ್ಡವಳಾದ ಮೇಲೆ ಮದುವೆ ಮಾತುಕತೆಯಲ್ಲಿ ಇದನ್ನು ಯಾರೂ ಎತ್ತಬೇಕಾಗಿಲ್ಲ." ಡಿಸ್ಚಾರ್ಜ್ ಕಾರ್ಡಿನಲ್ಲೂ ಅದನ್ನೇ ಕನ್ನಡದಲ್ಲಿ ಬರೆದೆ. ಅಜ್ಜಿ ತುಸು ಹೊತ್ತು ಯೋಚಿಸಿ ಸೊಸೆಯ ಕಡೆ ತಿರುಗಿ, "ನೀನೂ ಎರಡು ದಿನದಿಂದ ಉಂಡಿಲ್ಲ, ನಡಿ ಮನೆಗೆ" ಎಂದರು.

ಅಂದಿನಿಂದ ಸೆಳೆತ ಬಂದ ಪ್ರತಿ ಮಗುವಿನ ಮನೆಯವರೊಂದಿಗೂ ಹೀಗೆ ಕೂತು ಮಾತಾಡುವುದನ್ನು ಚಿಕಿತ್ಸೆಯ ಭಾಗವಾಗಿ ಇಟ್ಟುಕೊಂಡಿದ್ದೇನೆ. ನಿಜವಾದ ಮೂರ್ಛೆರೋಗವೇ ಇದ್ದಾಗ ಈ ಮಾತು ಇನ್ನೂ ಅಗತ್ಯ, ಯಾಕೆಂದರೆ ಅಲ್ಲಿ ಔಷಧ ವರ್ಷಗಟ್ಟಲೆ ನಡೆಯುತ್ತದೆ, ಆರೋಪವೂ ಅಷ್ಟೇ ಕಾಲ ನಡೆಯುತ್ತದೆ. ಕಾಯಿಲೆ ಯಾರ ಪಾಪದ ಫಲ ಎಂದು ಕೇಳುವವರಿಗೆ ಈಗ ನನ್ನ ಉತ್ತರ ಒಂದೇ: ಅದು ಯಾರ ಪಾಪವೂ ಅಲ್ಲ, ಆದರೆ ಈ ಮಗುವನ್ನೂ ಇದರ ತಾಯಿಯನ್ನೂ ನಾವು ಈಗ ಹೇಗೆ ನೋಡಿಕೊಳ್ಳುತ್ತೇವೆ ಎಂಬುದು ಖಂಡಿತವಾಗಿ ನಮ್ಮ ಕರ್ಮ.